ಸ್ವಚ್ಛ ಸಾರಿಗೆ ನೀತಿಯ ತಂಡವನ್ನು ಮುನ್ನಡೆಸಬೇಕಿದೆ: ಮೊದಲ ಆರು ತಿಂಗಳನ್ನು ಯಾವುದಕ್ಕೆ ಕೊಡಲಿ?

ಪ್ರಶ್ನೆ

ಎಂಟು ವರ್ಷ ಗಾಳಿಯ ಗುಣಮಟ್ಟದ ಅಂಕಿಅಂಶಗಳ ನಡುವೆಯೇ ಕಳೆದವಳು ನಾನು. ಈಗ ನಮ್ಮ ಪರಿಸರ ಸಂಸ್ಥೆಯ ಸ್ವಚ್ಛ ಸಾರಿಗೆ ನೀತಿ ವಿಭಾಗವನ್ನು ನನ್ನ ಕೈಗೆ ಒಪ್ಪಿಸಿದ್ದಾರೆ. ನಾಲ್ಕು ಜನರ ತಂಡ, ಎರಡು ವರ್ಷದ ಅನುದಾನ. ಆರು ತಿಂಗಳೊಳಗೆ ಒಂದು ದೊಡ್ಡ ವರದಿ ಬರಲಿ ಎಂಬುದು ಆಡಳಿತ ಮಂಡಳಿಯ ಅಪೇಕ್ಷೆ. ಆದರೆ ನನ್ನ ಹಿಂದಿನವರು ಬರೆದ ಮೂರು ವರದಿಗಳು ಕಪಾಟಿನಲ್ಲಿವೆ. ಮೂರನ್ನೂ ಓದಿದೆ, ಚೆನ್ನಾಗಿಯೇ ಇವೆ. ಅವುಗಳಿಂದ ಒಂದೇ ಒಂದು ನಿಯಮ ಬದಲಾದ ಕುರುಹು ಮಾತ್ರ ಸಿಗಲಿಲ್ಲ. ನಾಲ್ಕನೆಯದನ್ನು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ವಿದ್ಯುತ್ ಬಸ್ಸು, ಸರಕು ಲಾರಿ, ದಟ್ಟಣೆ ಶುಲ್ಕ (ನಗರದ ಇಕ್ಕಟ್ಟಿನ ಭಾಗಕ್ಕೆ ಬರುವ ವಾಹನಗಳಿಂದ ಪಡೆಯುವ ಶುಲ್ಕ), ಎಲ್ಲವನ್ನೂ ಹಿಡಿಯಬೇಕೆ, ಒಂದನ್ನೇ ಹಿಡಿಯಬೇಕೆ? ಈ ಕೆಲಸ ಮಾಡಿದವರು ಹೇಳಿ.

ಉತ್ತರ 1

ಹನ್ನೊಂದು ವರ್ಷ ಇಂಥದ್ದೇ ಹುದ್ದೆಯಲ್ಲಿದ್ದೆ. ಆರು ತಿಂಗಳನ್ನು ವರದಿಗೆ ಕೊಡಬೇಡಿ, ಬಸ್ ಡಿಪೊಗೆ ಕೊಡಿ.

ನಮ್ಮ ತಂಡ ನೂರು ವಿದ್ಯುತ್ ಬಸ್ಸುಗಳ ಡಿಪೊ ಒಂದಕ್ಕೆ ಯೋಜನೆ ಬರೆದುಕೊಟ್ಟಿತ್ತು. ಹನ್ನೆರಡು ಮೀಟರ್ ಉದ್ದದ ಬಸ್ಸಿಗೆ ಕಿಲೋಮೀಟರಿಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ದಿನಕ್ಕೆ 180 ಕಿಲೋಮೀಟರ್ ಓಡಿದರೆ ರಾತ್ರಿ ಸುಮಾರು 200 ಯೂನಿಟ್ ತುಂಬಿಸಬೇಕು. ಬಸ್ಸುಗಳು ಎಂಟು ಗಂಟೆ ನಿಂತಿರುತ್ತವೆ ಎಂದುಕೊಂಡು 2.5 ಮೆಗಾವಾಟ್ ಸಂಪರ್ಕ ಸಾಕೆಂದು ಬರೆದೆವು. ಕರಡಿಗೆ ಇನ್ನೇನು ಒಪ್ಪಿಗೆ ಸಿಗಬೇಕು ಎನ್ನುವಾಗ ನಾನು ಒಂದು ರಾತ್ರಿ ಆ ಡಿಪೊದಲ್ಲಿ ಹೋಗಿ ಕುಳಿತೆ. ಹೆಚ್ಚಿನ ಬಸ್ಸುಗಳು ಒಳಗೆ ಬಂದು, ತೊಳೆಸಿಕೊಂಡು, ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಮಧ್ಯರಾತ್ರಿಯಾಯಿತು. ಬೆಳಿಗ್ಗೆ ಐದಕ್ಕೆ ಸಾಲು ಕರಗತೊಡಗಿತು. ಸಿಕ್ಕಿದ್ದು ಐದೇ ಗಂಟೆ. ಅಂದರೆ 4 ಮೆಗಾವಾಟ್ ಬೇಕು; ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಬೇಕು, ಅದನ್ನು ನಿಲ್ಲಿಸಲು ಜಾಗ ಬೇಕು.

ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಟಾರ್ಚ್ ಹಿಡಿದು ನನ್ನನ್ನು ಬಸ್ಸುಗಳ ನಡುವೆ ಕರೆದೊಯ್ದರು. ಮೈ ಓರೆ ಮಾಡಿಕೊಂಡೇ ನಡೆಯಬೇಕು, ಅಷ್ಟು ಇಕ್ಕಟ್ಟು. "ಚಾರ್ಜರ್ ಎಲ್ಲಿ ನಿಲ್ಲಿಸುತ್ತೀರಿ ಸರ್? ನಡುವಿನ ಬಸ್ಸಿಗೆ ಕೇಬಲ್ ಎಟಕುವುದು ಹೇಗೆ?" ಎಂದು ಕೇಳಿದರು. ನಮ್ಮ 80 ಪುಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಲೆಕ್ಕ ತಿದ್ದಿ, ನಕ್ಷೆ ಬದಲಿಸಿ ಮುಗಿಸುವಾಗ ವರ್ಷ ಕಳೆಯಿತು. ಆ ವರ್ಷವೆಲ್ಲ ಅದೇ ಹಳೆಯ ಡೀಸೆಲ್ ಬಸ್ಸುಗಳು ಹೊಗೆ ಕಾರುತ್ತ ಓಡಿದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಹಣದ ದಾರಿ. ವಿದ್ಯುತ್ ಬಸ್ಸಿನ ಖರೀದಿ ಬೆಲೆ ಹೆಚ್ಚು, ಓಡಿಸುವ ಖರ್ಚು ಕಡಿಮೆ. ಸಾಲ ಕೊಡುವವರು ನೋಡುವುದು ಮೊದಲನೆಯದನ್ನು. ಚಿಲಿಯ ಸಾಂಟಿಯಾಗೊದಲ್ಲಿ ಈ ಗಂಟು ಬಿಚ್ಚಿದ ಬಗೆ ಓದಿಕೊಳ್ಳಿ. 2018ರಲ್ಲಿ ಅಲ್ಲಿಗೆ ಬಸ್ಸುಗಳು ಬಂದಾಗ ವಿದ್ಯುತ್ ಕಂಪನಿಗಳೇ ಬಂಡವಾಳ ಹೂಡಿ, ಬಸ್ ಓಡಿಸುವ ಕಂಪನಿಗಳಿಗೆ ಗುತ್ತಿಗೆಗೆ ಕೊಟ್ಟವು. ಚೀನಾದ ಶೆನ್‌ಜೆನ್ 2017ರ ಕೊನೆಗೆ 16 ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು, ಅಂದರೆ ತನ್ನ ಎಲ್ಲ ಬಸ್ಸುಗಳನ್ನೂ, ವಿದ್ಯುತ್ತಿಗೆ ಬದಲಿಸಿತು. ಆದರೆ ಅದರ ಹಿಂದೆ ಭಾರಿ ಸಹಾಯಧನವಿತ್ತು. ಸಭೆಗಳಲ್ಲಿ ಶೆನ್‌ಜೆನ್ ಹೆಸರು ಹೇಳುವವರು ಸಹಾಯಧನದ ಮಾತನ್ನೂ ಜೊತೆಗೆ ಹೇಳಬೇಕು. ಇಲ್ಲದಿದ್ದರೆ ಹಣಕಾಸು ಅಧಿಕಾರಿಗಳು ನಮ್ಮ ಮುಂದಿನ ಮಾತನ್ನು ನಂಬುವುದಿಲ್ಲ.

ಒಂದನ್ನೇ ಹಿಡಿಯಿರಿ. ನಾಲ್ಕು ಜನರಿಂದ ಬಸ್ಸಿನ ಟೆಂಡರನ್ನು ಕೊನೆಯವರೆಗೆ ಬೆನ್ನಟ್ಟಲು ಸಾಧ್ಯ, ಮೂರು ವಿಷಯಗಳನ್ನು ಬೆನ್ನಟ್ಟಲು ಸಾಧ್ಯವಿಲ್ಲ. ಹಾಗೆಯೇ, ವಾಹನ ತಯಾರಕರಿಂದ ದೇಣಿಗೆ ಪಡೆಯುವುದಿಲ್ಲ ಎಂಬ ನಿರ್ಣಯವನ್ನು ಕೆಲಸ ಶುರುವಾಗುವ ಮೊದಲೇ ಮಂಡಳಿಯಿಂದ ಬರೆಸಿಕೊಳ್ಳಿ.

ಉತ್ತರ 2

ಮೇಲಿನವರ ಡಿಪೊ ಮಾತು ಒಪ್ಪುತ್ತೇನೆ. ದಟ್ಟಣೆ ಶುಲ್ಕವನ್ನು ಪಕ್ಕಕ್ಕಿಡುವುದನ್ನು ಒಪ್ಪಲಾರೆ. ಕಾರುಗಳೆಲ್ಲ ವಿದ್ಯುತ್ತಿನವಾದರೂ ಟಯರು ಮತ್ತು ರಸ್ತೆಯ ಸವೆತದಿಂದ ಏಳುವ ಸೂಕ್ಷ್ಮ ಕಣಗಳು ಹೋಗುವುದಿಲ್ಲ, ಜಾಗದ ಇಕ್ಕಟ್ಟೂ ಹೋಗುವುದಿಲ್ಲ. ಸ್ಟಾಕ್‌ಹೋಮ್‌ನಲ್ಲಿ 2006ರ ಜನವರಿಯಿಂದ ಜುಲೈವರೆಗೆ ಶುಲ್ಕವನ್ನು ಪ್ರಯೋಗವಾಗಿ ಜಾರಿಗೆ ತಂದರು. ಶುಲ್ಕದ ವಲಯದ ಗಡಿ ದಾಟುವ ವಾಹನಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದವು. ಮೊದಲು ವಿರೋಧಿಸುತ್ತಿದ್ದ ನಗರದ ಜನರೇ ಆ ಸೆಪ್ಟೆಂಬರಿನ ಜನಮತದಲ್ಲಿ ಅಲ್ಪ ಬಹುಮತದಿಂದ ಒಪ್ಪಿದರು. 2007ರಲ್ಲಿ ಅದು ಕಾಯಂ ಆಯಿತು. ಪ್ರಯೋಗಕ್ಕೆ ಮುಂಚೆಯೇ ಹೆಚ್ಚುವರಿ ಬಸ್ಸುಗಳನ್ನು ಬಿಟ್ಟಿದ್ದರು ಎಂಬುದನ್ನು ಮರೆಯಬೇಡಿ. ನಲವತ್ತು ನಿಮಿಷಕ್ಕೊಂದು ಬಸ್ಸು ಬರುವ ಕಡೆ ಅದು ವಿದ್ಯುತ್ತಿನದಾದರೇನು, ಡೀಸೆಲ್ಲಿನದಾದರೇನು, ಕಾಯುವವರು ಕಾಯುತ್ತಲೇ ಇರಬೇಕು.

ಉತ್ತರ 3

ನಾನು ಮೇಜಿನ ಆಚೆ ಬದಿಯಲ್ಲಿದ್ದವಳು. ಸಾರಿಗೆಯ ಕರಡು ನಿಯಮಗಳನ್ನು ಬರೆಯುತ್ತಿದ್ದೆ, ಈಗ ನಿವೃತ್ತಳು. ಆಕ್ಷೇಪಣೆಯ ಕೊನೆಯ ದಿನ ಸಂಜೆ ನಮಗೆ ದಪ್ಪ ದಪ್ಪ ವರದಿಗಳು ಬರುತ್ತಿದ್ದವು. ಓದಲು ಯಾರಿಗೂ ಹೊತ್ತಿರುತ್ತಿರಲಿಲ್ಲ. ಒಮ್ಮೆ ಒಂದು ಸಂಸ್ಥೆ ಮೊದಲ ವಾರದಲ್ಲೇ ಒಂದೇ ಒಂದು ಹಾಳೆ ಕಳಿಸಿತು. "ಹೊಗೆರಹಿತ ಬಸ್ಸುಗಳಿಗೆ ಆದ್ಯತೆ ನೀಡಬಹುದು" ಎಂದಿದ್ದ ಕಡೆ "ನೀಡತಕ್ಕದ್ದು" ಎಂದಾಗಬೇಕು, ಕಾರಣ ಇಷ್ಟು, ಇದಕ್ಕೆ ಕಾನೂನಿನ ಆಧಾರ ಇದು, ಎಂದು ಮೂರು ಪ್ಯಾರಾ. ಆ ಹಾಳೆಯನ್ನು ನಾನು ಹಾಗೆಯೇ ಕಡತಕ್ಕೆ ಸೇರಿಸಿ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಪದ ಬದಲಾಯಿತು. "ಬಹುದು" ಎಂದು ಉಳಿದಿದ್ದರೆ ಆ ನಿಯಮವನ್ನು ಯಾರೂ ಪಾಲಿಸುತ್ತಿರಲಿಲ್ಲ.

ಆರೋಗ್ಯದ ಅಂಶವನ್ನು ತಪ್ಪದೆ ಸೇರಿಸಿ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ವರ್ಗೀಕರಿಸಿದೆ. ಹವಾಮಾನದ ಮಾತಿಗೆ ತಲೆ ಎತ್ತದ ಅಧಿಕಾರಿಯೂ ಇದನ್ನು ಎರಡನೇ ಸಲ ಓದುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆ. ಹಳೆಯ ವರದಿಗಳನ್ನು ಈ ಕಣ್ಣಿನಿಂದ ಮತ್ತೆ ತೆರೆದು ನೋಡಿದೆ. ಮೂರರಲ್ಲೂ ಶಿಫಾರಸುಗಳಿವೆ, ಯಾವ ನಿಯಮದ ಯಾವ ಸಾಲು ಬದಲಾಗಬೇಕು ಎಂಬುದು ಎಲ್ಲಿಯೂ ಇಲ್ಲ. ಬಸ್ಸುಗಳನ್ನೇ ಹಿಡಿಯುತ್ತೇನೆ, ಬಸ್ಸು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂಬುದನ್ನೂ ಅದರೊಳಗೇ ಸೇರಿಸುತ್ತೇನೆ. ಬರುವ ವಾರ ಡಿಪೊಗೆ ಹೋಗಲು ಅನುಮತಿ ಕೇಳಿದ್ದೇನೆ, ತಂಡದ ನಾಲ್ವರೂ ಹೋಗುತ್ತೇವೆ.

ಉತ್ತರ 1

ಸಂತೋಷ. ರಾತ್ರಿ ಪಾಳಿಗೇ ಅನುಮತಿ ಕೇಳಿ, ಹಗಲು ಹೋದರೆ ಖಾಲಿ ಅಂಗಳ ನೋಡಿ ಬರುತ್ತೀರಿ. ಅಳತೆಯ ಟೇಪು ಜೊತೆಗಿರಲಿ. ಪ್ರತಿ ಬಸ್ಸು ಒಳಬಂದ ಹೊತ್ತನ್ನೂ ಹೊರಟ ಹೊತ್ತನ್ನೂ ನೀವೇ ಬರೆದುಕೊಳ್ಳಿ, ಗೋಡೆಯ ಮೇಲಿನ ವೇಳಾಪಟ್ಟಿಯಿಂದ ಎತ್ತಿಕೊಳ್ಳಬೇಡಿ.