ಕ್ಯಾಪಿಂಗ್ ಸ್ಟ್ಯಾಕ್ ಒಪ್ಪಂದ ಒಂದಿದ್ದರೆ ಸಾಕೇ? ಸಮುದ್ರತಳದ ಬಾವಿಯ ಬ್ಲೋಔಟ್ ಯೋಜನೆಯಲ್ಲಿ ಏನು ನೋಡಬೇಕು?

ಪ್ರಶ್ನೆ — ತಳದಕಲ್ಲು

ಒಂದು ಅನ್ವೇಷಣಾ ಬಾವಿಯ ತುರ್ತು ಯೋಜನೆಯನ್ನು ಪರಿಶೀಲಿಸಬೇಕಿದೆ. ನೀರಿನ ಆಳ 1,100 ಮೀಟರ್, ತೈಲಪದರ ಇರುವುದು ಸಮುದ್ರಮಟ್ಟದಿಂದ 4,000 ಮೀಟರ್ ಕೆಳಗೆ, ಅಲ್ಲಿನ ಒತ್ತಡ 600 ಬಾರ್ ಎಂದು ಅಂದಾಜು. ಕೊನೆಯ ಕೇಸಿಂಗ್ ಶೂ (ಬಾವಿಗೆ ಇಳಿಸುವ ಉಕ್ಕಿನ ಒಳಗವಚದ ತಳತುದಿ) 3,000 ಮೀಟರ್‌ನಲ್ಲಿ.

ಯೋಜನೆಯ ತಿರುಳು ಇಷ್ಟೇ: ಬ್ಲೋಔಟ್ (ಎಣ್ಣೆ, ಅನಿಲ ಹಿಡಿತ ತಪ್ಪಿ ಹೊರನುಗ್ಗುವುದು) ತಡೆಯಲು ಬಾವಿಯ ಬಾಯಿಗೆ ಕೂರಿಸುವ ಕವಾಟಗಳ ಗುಚ್ಛವಾದ ಬಿಒಪಿ ಕೈಕೊಟ್ಟರೆ ಒಪ್ಪಂದದಂತೆ ಕ್ಯಾಪಿಂಗ್ ಸ್ಟ್ಯಾಕ್ (ಹರಿಯುವ ಬಾವಿಯ ಮೇಲೆ ಕೂರಿಸುವ ಕವಾಟವುಳ್ಳ ಮುಚ್ಚಳ) ತರಿಸಿ 15 ದಿನದಲ್ಲಿ ಬಾವಿ ಮುಚ್ಚುವುದು, ಜೊತೆಗೆ ರಿಲೀಫ್ ವೆಲ್ (ಪಕ್ಕದಿಂದ ಕೊರೆದು ಕೆಟ್ಟ ಬಾವಿಯನ್ನು ನೆಲದಾಳದಲ್ಲಿ ಮುಟ್ಟುವ ಎರಡನೇ ಬಾವಿ) ಕೊರೆಯುವುದು. ಒಪ್ಪಂದದ ಪ್ರತಿ ಲಗತ್ತಿಸಿದ್ದಾರೆ. ಇಷ್ಟು ನೋಡಿ ಸಹಿ ಹಾಕಬಹುದೇ, ಇಲ್ಲವಾದರೆ ಯಾವ ಪ್ರಶ್ನೆ ಕೇಳಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1 — ಹಳದಿಪಾಡ್

ಸಹಿ ಹಾಕಬೇಡಿ. ಸ್ಟ್ಯಾಕ್ ಎಲ್ಲಿದೆ ಎನ್ನುವುದು ಈಗ ದೊಡ್ಡ ಪ್ರಶ್ನೆಯೇ ಅಲ್ಲ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿ ಸ್ಫೋಟಿಸಿದಾಗ ಸಿದ್ಧ ಸ್ಟ್ಯಾಕ್ ಇರಲಿಲ್ಲ. ಏಪ್ರಿಲ್ 20ರಂದು ಶುರುವಾದದ್ದು ನಿಂತದ್ದು ಜುಲೈ 15ಕ್ಕೆ. ಆಮೇಲೆ ತೈಲ ಕಂಪನಿಗಳು ಸೇರಿ ನಾರ್ವೆ, ದಕ್ಷಿಣ ಆಫ್ರಿಕಾ, ಸಿಂಗಪುರ, ಬ್ರೆಜಿಲ್‌ಗಳಲ್ಲಿ ಸ್ಟ್ಯಾಕ್‌ಗಳನ್ನು ಇಟ್ಟಿವೆ, ಮೆಕ್ಸಿಕೊ ಕೊಲ್ಲಿಗೆ ಬೇರೆಯೇ ವ್ಯವಸ್ಥೆ ಇದೆ. ಉಪಕರಣ ಸಿಗುತ್ತದೆ. ಅದು ಬಂದಿಳಿದಾಗ ಕೂರಿಸಲು ಜಾಗ ಸಿದ್ಧವಿರುತ್ತದೆಯೇ ಎಂದು ಕೇಳಿ.

ಕೆಲಸದ ಕ್ರಮ ಹೀಗೆ: ಮೊದಲು ದೂರದಿಂದ ನಡೆಸುವ ನೀರೊಳಗಿನ ಯಂತ್ರ ಆರ್‌ಒವಿ ಇಳಿಸಿ ಸಮೀಕ್ಷೆ, ಜೊತೆಗೇ ಹಾಟ್ ಸ್ಟ್ಯಾಬ್ (ಆ ಯಂತ್ರ ಚುಚ್ಚಿ ದ್ರವ ತಳ್ಳುವ ಕೊಂಡಿ) ಮೂಲಕ ಬಿಒಪಿಯನ್ನು ಹೊರಗಿನಿಂದ ಮುಚ್ಚುವ ಯತ್ನ. ಆಗದಿದ್ದರೆ ಅವಶೇಷ ತೆರವು. ನಂತರ ಸ್ಟ್ಯಾಕ್ ಇಳಿಸುವುದು.

ಹೆಚ್ಚು ದಿನ ನುಂಗುವುದು ತೆರವು. ರಿಗ್ ಮುಳುಗಿದರೆ ಅದನ್ನು ಬಿಒಪಿಗೆ ಜೋಡಿಸಿದ 1,100 ಮೀಟರ್ ಕೊಳವೆಯಾದ ರೈಸರ್ ಬಾಗಿ ಬಾವಿಯ ಸುತ್ತಲೇ ಬೀಳುತ್ತದೆ, ಅದರೊಳಗೆ ಡ್ರಿಲ್ ಪೈಪ್ ಬೇರೆ. ವಜ್ರದ ತಂತಿಯ ಗರಗಸ, ಹೈಡ್ರಾಲಿಕ್ ಕತ್ತರಿ ಎರಡೂ ಬೇಕು. ಮಕೊಂಡೊದಲ್ಲಿ ಗರಗಸ ಪೈಪಿನಲ್ಲೇ ಸಿಕ್ಕಿಕೊಂಡಿತು. ದೊಡ್ಡ ಕತ್ತರಿಯಿಂದ ಕತ್ತರಿಸಿದಾಗ ಅಂಚು ಒರಟಾಗಿ, ಮೇಲೆ ಕೂರಿಸಿದ ಮುಚ್ಚಳ ಸರಿಯಾಗಿ ಬಿಗಿಯಲಿಲ್ಲ, ಎಣ್ಣೆ ಸುತ್ತಲೂ ಹೊರಬರುತ್ತಲೇ ಇತ್ತು. ನಿಮ್ಮ ಯೋಜನೆಯಲ್ಲಿ ತೆರವಿನ ಉಪಕರಣಗಳು ಎಲ್ಲಿವೆ, ಯಾವ ಹಡಗಿನಿಂದ ಇಳಿಸುತ್ತಾರೆ, ಎಷ್ಟು ದಿನ ಎಂದು ಬರೆದಿದೆಯೇ ನೋಡಿ. ಸಾಮಾನ್ಯವಾಗಿ ಒಂದು ಸಾಲಿಗಿಂತ ಹೆಚ್ಚು ಇರುವುದಿಲ್ಲ.

ಎರಡನೆಯದು ಜೋಡಣೆ. ಬಿಒಪಿಯ ಬಿಚ್ಚಬಲ್ಲ ಮೇಲ್ಭಾಗ ಎಲ್‌ಎಂಆರ್‌ಪಿ, ಬಾವಿಯ ಬಾಯಿಯ ಉಕ್ಕಿನ ತಲೆ ವೆಲ್‌ಹೆಡ್. ಸ್ಟ್ಯಾಕ್ ಮೂರು ಕಡೆ ಕೂರಬಹುದು: ಎಲ್‌ಎಂಆರ್‌ಪಿಯ ಮೇಲೆ, ಎಲ್‌ಎಂಆರ್‌ಪಿ ತೆಗೆದು ಬಿಒಪಿಯ ಮೇಲೆ, ಅಥವಾ ಬಿಒಪಿಯನ್ನೇ ತೆಗೆದು ನೇರ ವೆಲ್‌ಹೆಡ್ ಮೇಲೆ. ಮೂರರ ಮ್ಯಾಂಡ್ರೆಲ್ (ಕನೆಕ್ಟರ್ ಹಿಡಿದುಕೊಳ್ಳುವ ಮೇಲ್ತುದಿ) ಆಕಾರವೂ ಬೇರೆ ಇರಬಹುದು. ಒಳವ್ಯಾಸ ಎಲ್ಲೆಡೆ 18¾ ಅಂಗುಲ ಎಂದ ಮಾತ್ರಕ್ಕೆ ಹೊರಗಿನ ತೋಡು, ಗ್ಯಾಸ್ಕೆಟ್ ತಾಳೆಯಾಗುತ್ತವೆ ಎಂದಲ್ಲ. ಬೇಕಾದ ಅಡಾಪ್ಟರ್ ಗೋದಾಮಿನಲ್ಲಿ ಇಲ್ಲದಿದ್ದರೆ ಹೊಸದಾಗಿ ಎರಕ, ಯಂತ್ರಗೆಲಸ, ಒತ್ತಡ ಪರೀಕ್ಷೆ ಎಲ್ಲ ಆಗಬೇಕು. 15 ದಿನದ ಮಾತು ಅಲ್ಲಿಗೇ ಮುಗಿಯಿತು.

ಸ್ಟ್ಯಾಕ್ ವಿಮಾನದಲ್ಲಿ ಬಂದರೆ ಬಿಡಿಭಾಗಗಳಾಗಿ ಬರುತ್ತದೆ. ಬಂದರಿನಲ್ಲಿ ಜೋಡಿಸಿ, ಒತ್ತಡ ಪರೀಕ್ಷಿಸಿ, ಹಡಗಿನ ಡೆಕ್‌ಗೆ ಬಿಗಿಯಬೇಕು. ಹಲವು ಹತ್ತು ಟನ್ ಎತ್ತುವ ಕ್ರೇನ್, ಆ ಭಾರ ತಡೆಯುವ ಧಕ್ಕೆ, ಅಲೆಯ ಏರಿಳಿತ ಸರಿದೂಗಿಸುವ ಕ್ರೇನ್ ಇರುವ ಹಡಗು ಈ ಮೂರೂ ಹೆಸರು ಸಮೇತ ಯೋಜನೆಯಲ್ಲಿರಬೇಕು. ತಾತ್ಕಾಲಿಕ ಆಮದಿನ ಅನುಮತಿಪತ್ರವೂ ಸೇರಿದಂತೆ.

ಇಳಿಸುವಾಗ ಸ್ಟ್ಯಾಕಿನ ಎಲ್ಲ ಕವಾಟ ತೆರೆದಿರಬೇಕು, ಹರಿವು ಅದರ ಮೂಲಕವೇ ಹಾದುಹೋಗಬೇಕು. ಮುಚ್ಚಿಕೊಂಡು ಇಳಿಸಿದರೆ ಕೆಳಗಿನ ಒತ್ತಡ ಅದನ್ನು ಕೂರಲು ಬಿಡುವುದಿಲ್ಲ. ಹರಿವಿನಿಂದ ದೂರದಲ್ಲೇ ಬೇಕಾದ ಆಳಕ್ಕೆ ಇಳಿಸಿ, ಆಮೇಲೆ ಪಕ್ಕದಿಂದ ಒಳಗೆ ಸರಿಸುತ್ತಾರೆ. ಕನೆಕ್ಟರ್ ಒಳಗೆ ಗ್ಲೈಕಾಲ್ ಅಥವಾ ಮೆಥನಾಲ್ ಹರಿಸುತ್ತಲೇ ಇರಬೇಕು. 1,100 ಮೀಟರ್‌ನಲ್ಲಿ ನೀರಿನ ಒತ್ತಡವೇ ಸುಮಾರು 110 ಬಾರ್, ತಂಪು ಬೇರೆ, ಅನಿಲ ನೀರಿನ ಜೊತೆ ಸೇರಿ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟುತ್ತದೆ. 2010ರ ಮೇನಲ್ಲಿ ಇಳಿಸಿದ ಬೃಹತ್ ಉಕ್ಕಿನ ಗುಮ್ಮಟವನ್ನು ಸೋಲಿಸಿದ್ದು ಇದೇ. ಬಾಯಿ ಕಟ್ಟಿಕೊಂಡಿತು, ಗುಮ್ಮಟ ತೇಲತೊಡಗಿತು.

ಉತ್ತರ 2 — ಶೂಬಲ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತ. ಆದರೆ ಇನ್ನೂ ಮೂಲದ ಪ್ರಶ್ನೆ ಒಂದಿದೆ: ಸ್ಟ್ಯಾಕ್ ಕೂತು, ಕವಾಟ ಮುಚ್ಚಿದ ಮೇಲೆ ಆ ಒತ್ತಡವನ್ನು ಬಾವಿ ತಾಳುತ್ತದೆಯೇ? ನೀವು ಕೊಟ್ಟ ಅಂಕಿಗಳಿಂದಲೇ ಲೆಕ್ಕ ಹಾಕೋಣ.

ತೈಲಪದರದಿಂದ ಸಮುದ್ರತಳದವರೆಗೆ 2,900 ಮೀಟರ್. ಬಾವಿಯ ತುಂಬ 0.65 ಸಾಂದ್ರತೆಯ ಎಣ್ಣೆ ಎಂದುಕೊಂಡರೆ ಅದರ ತೂಕ 185 ಬಾರ್. 600ರಲ್ಲಿ ಕಳೆದರೆ ವೆಲ್‌ಹೆಡ್‌ನಲ್ಲಿ 415 ಬಾರ್. 0.25 ಸಾಂದ್ರತೆಯ ಅನಿಲವಾದರೆ ಕಳೆಯುವುದು 71 ಮಾತ್ರ, ವೆಲ್‌ಹೆಡ್‌ನಲ್ಲಿ 529 ಬಾರ್, ಅಂದರೆ ಸುಮಾರು 7,700 ಪಿಎಸ್‌ಐ. 10,000 ಪಿಎಸ್‌ಐ ಸ್ಟ್ಯಾಕ್ ಇದನ್ನು ತಡೆಯುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸರಿ ಎನಿಸುತ್ತದೆ.

ಈಗ ಶೂ ನೋಡಿ. 3,000 ಮೀಟರ್‌ನಲ್ಲಿ ಒಳಗಿನ ಒತ್ತಡ ಎಣ್ಣೆಗೆ 415 + 121 = 536 ಬಾರ್, ಅನಿಲಕ್ಕೆ 529 + 47 = 576 ಬಾರ್. ಆ ಮಟ್ಟದ ಬಂಡೆ 1.75 ಸಾಂದ್ರತೆಯ ಮಡ್‌ಗೆ (ಕೊರೆಯುವಾಗ ಬಾವಿಯಲ್ಲಿ ತುಂಬುವ ಭಾರದ ದ್ರವಕ್ಕೆ) ಸಮನಾದ ಒತ್ತಡ ತಾಳುತ್ತದೆ ಎಂದುಕೊಳ್ಳೋಣ, ಅದು 515 ಬಾರ್. ಎರಡೂ ಸಂದರ್ಭದಲ್ಲಿ ಬಂಡೆ ಬಿರಿಯುತ್ತದೆ. ಮೇಲೆ ಮುಚ್ಚಿದ ಎಣ್ಣೆ ಶೂ ಕೆಳಗಿನಿಂದ ಬಂಡೆಯೊಳಗೆ ನುಗ್ಗಿ, ಕೊನೆಗೆ ಸಮುದ್ರತಳವನ್ನೇ ಸೀಳಿ ಬೇರೆಲ್ಲೋ ಹೊರಬರಬಹುದು. ಹಾಗೆ ಬಂದದ್ದಕ್ಕೆ ಯಾವ ಮುಚ್ಚಳವೂ ಇಲ್ಲ.

ಅದೇ ಶೂ 3,500 ಮೀಟರ್‌ಗೆ ಇಳಿದರೆ? ಒಳಗಿನ ಒತ್ತಡ ಎಣ್ಣೆಗೆ 568, ಅನಿಲಕ್ಕೆ 588. ಬಂಡೆ 1.80ಕ್ಕೆ ಸಮ ತಾಳಿದರೆ 618 ಬಾರ್. ಎರಡೂ ನಿಲ್ಲುತ್ತವೆ. 1.75, 1.80 ಎರಡೂ ನಾನು ಊಹಿಸಿಕೊಂಡವು. ನಿಮ್ಮ ಬಾವಿಯ ಲೀಕ್‌ಆಫ್ ಪರೀಕ್ಷೆಯ (ಬಂಡೆ ಎಷ್ಟು ಒತ್ತಡ ತಾಳುತ್ತದೆ ಎಂದು ನೋಡುವ ಪರೀಕ್ಷೆ) ಅಂಕಿ ಹಾಕಿ ಮತ್ತೆ ಮಾಡಿ. ಬಾವಿ ಮುಚ್ಚಬಹುದೇ ಇಲ್ಲವೇ ಎನ್ನುವುದು ಕೇಸಿಂಗ್ ವಿನ್ಯಾಸದ ದಿನವೇ ತೀರ್ಮಾನವಾಗಿರುತ್ತದೆ. ಸ್ಟ್ಯಾಕ್ ಬರುವ ದಿನ ಅದನ್ನು ಬದಲಿಸಲಾಗುವುದಿಲ್ಲ.

ಕೇಸಿಂಗಿನ ಸಿಡಿತದ ಮಿತಿಯನ್ನೂ ನೋಡಿ. ಸಮುದ್ರತಳದ ಬಳಿ ಒಳಗೆ 529, ಹೊರಗೆ 110, ವ್ಯತ್ಯಾಸ 419 ಬಾರ್. ಮಕೊಂಡೊದಲ್ಲಿ 16 ಅಂಗುಲದ ಕೇಸಿಂಗ್‌ನಲ್ಲಿದ್ದ ಒತ್ತಡ ಬಿಡುವ ಡಿಸ್ಕ್‌ಗಳು ಒಡೆದಿರಬಹುದು ಎಂಬ ಭಯ ಕೊನೆಯವರೆಗೂ ಕಾಡಿತು. ಜುಲೈ 15ರಂದು ಮುಚ್ಚಿದಾಗ 7,500 ಪಿಎಸ್‌ಐಗಿಂತ ಮೇಲೇರಿದರೆ ಬಾವಿ ಗಟ್ಟಿ, 6,000ಕ್ಕಿಂತ ಕೆಳಗೇ ನಿಂತರೆ ಮತ್ತೆ ತೆರೆಯುವುದು ಎಂದು ಮೊದಲೇ ಗೆರೆ ಎಳೆದಿದ್ದರು. ಒತ್ತಡ ಬಂದು ನಿಂತದ್ದು ಎರಡರ ನಡುವೆ, ಸುಮಾರು 6,600ರಲ್ಲಿ. ಸೋರಿಕೆಯೋ, ಅಷ್ಟು ದಿನ ಹರಿದು ತೈಲಪದರವೇ ಬಳಲಿದ್ದೋ? ಒತ್ತಡ ನಿಧಾನವಾಗಿ ಏರುತ್ತಲೇ ಇದ್ದುದು ಮತ್ತು ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಮಾಡಿದ ಮಾದರಿ ಲೆಕ್ಕ ಎರಡನೆಯದರ ಕಡೆ ತೋರಿಸಿದವು. ನಿಮ್ಮ ಯೋಜನೆಯಲ್ಲೂ ಇಂಥ ಗೆರೆಗಳು ಇರಬೇಕು: ಎಷ್ಟಕ್ಕೆ ಮುಚ್ಚಿಡುವುದು, ಎಷ್ಟಕ್ಕೆ ತೆರೆಯುವುದು, ಯಾರು ಆಜ್ಞೆ ಕೊಡುವುದು.

ಮುಚ್ಚುವುದು ಒಮ್ಮೆಗೇ ಅಲ್ಲ. ಹೊರದಾರಿಗಳನ್ನು ಒಂದೊಂದಾಗಿ, ಕೊನೆಯದನ್ನು ಹರಿವನ್ನು ಕಿರಿದಾಗಿಸುವ ಕವಾಟವಾದ ಚೋಕ್‌ನಿಂದ ನಿಧಾನವಾಗಿ. ಪ್ರತಿ ಹಂತದಲ್ಲೂ ಒತ್ತಡ ದಾಖಲಿಸಿ, ಸುತ್ತಲ ತಳವನ್ನು ಆರ್‌ಒವಿ ಮತ್ತು ಸೋನಾರ್‌ನಿಂದ ನೋಡುತ್ತಿರಬೇಕು. ಬಾವಿ ತಾಳುವುದಿಲ್ಲ ಎಂದಾದರೆ ಹರಿವನ್ನು ಮೇಲಿನ ಹಡಗುಗಳಿಗೆ ತಿರುಗಿಸುವ ವ್ಯವಸ್ಥೆ ಬೇಕು. ಅದಕ್ಕೆ ಸ್ಟ್ಯಾಕ್ ಒಪ್ಪಂದ ಸಾಲದು.

ತಳದಕಲ್ಲು

ಶೂ ಲೆಕ್ಕ ನೋಡಿ ಗಾಬರಿಯಾಯಿತು, ಯೋಜನೆಯಲ್ಲಿ ಅದು ಎಲ್ಲೂ ಇಲ್ಲ. ಹಾಗಾದರೆ ರಿಲೀಫ್ ವೆಲ್ ಒಂದೇ ಗತಿಯೇ? ಅದಕ್ಕೆ ಅವರು 70 ದಿನ ಕೊಟ್ಟಿದ್ದಾರೆ. ಬಿಒಪಿಯ ಬಗ್ಗೆಯೂ ಎರಡು ಮಾತು ಹೇಳಿದರೆ ಉಪಕಾರ.

ಉತ್ತರ 3 — ಎರಡನೇಬಾವಿ

ರಿಲೀಫ್ ವೆಲ್ ಹೇಗೂ ಬೇಕು. ಮುಚ್ಚಳ ಕೂತರೂ ಬಾವಿಯನ್ನು ಶಾಶ್ವತವಾಗಿ ಸಿಮೆಂಟ್ ಮಾಡಿ ಮುಗಿಸಿದ್ದೇವೆ ಎಂದು ಖಚಿತಪಡಿಸಿಕೊಳ್ಳಲು ಅದೇ ದಾರಿ. ಮಕೊಂಡೊ ಅಧಿಕೃತವಾಗಿ ಮುಗಿದದ್ದು ಸೆಪ್ಟೆಂಬರ್ 19ಕ್ಕೆ, ರಿಲೀಫ್ ವೆಲ್ ತಲುಪಿದ ಮೇಲೆ.

70 ದಿನ ಯಾವಾಗಿನಿಂದ ಎಣಿಸಿದ್ದಾರೆ ಕೇಳಿ. ಎರಡನೇ ರಿಗ್ ತನ್ನ ಬಾವಿಯನ್ನು ಸುರಕ್ಷಿತವಾಗಿ ಬಿಟ್ಟು ಹೊರಡಲು, ಬಂದು ಸೇರಲು ದಿನಗಳು ಹಿಡಿಯುತ್ತವೆ. ಹೆಚ್ಚುವರಿ ವೆಲ್‌ಹೆಡ್, ಪೂರ್ತಿ ಕೇಸಿಂಗ್ ಪೈಪುಗಳು ದಾಸ್ತಾನಿನಲ್ಲಿ ಇರಬೇಕು. ಇವು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಎರಡು ಜಾಗಗಳ ತಳಸಮೀಕ್ಷೆ ಈಗಲೇ ಮುಗಿದಿರಲಿ, ಗಾಳಿ ಯಾವ ದಿಕ್ಕಿಗೆ ತಿರುಗಿದರೂ ಒಂದಾದರೂ ಬಳಸುವಂತಿರಬೇಕು.

ಗುರಿ ಮುಟ್ಟುವುದು ಒಂದೇ ಏಟಿಗೆ ಆಗುವುದಿಲ್ಲ. 2009ರಲ್ಲಿ ಟಿಮೋರ್ ಸಮುದ್ರದ ಮೊಂಟಾರಾದಲ್ಲಿ 25 ಸೆಂ.ಮೀ.ಗಿಂತ ಚಿಕ್ಕ ಕೇಸಿಂಗ್ ಅನ್ನು ಹುಡುಕಿ ಮುಟ್ಟಿದ್ದು ಐದನೇ ಪ್ರಯತ್ನದಲ್ಲಿ, ಬಾವಿ ನಿಂತಾಗ ನವೆಂಬರ್ 3. ಕಾಂತೀಯ ಉಪಕರಣ ಹುಡುಕುವುದು ಉಕ್ಕನ್ನು. ನಿಮ್ಮ ಬಾವಿಯಲ್ಲಿ 3,000 ಮೀಟರ್‌ನಿಂದ ಕೆಳಗೆ ಬರಿಯ ಬಂಡೆ, ಒಳಗೆ ಡ್ರಿಲ್ ಪೈಪ್ ಇಲ್ಲದಿದ್ದರೆ ಶೂ ಹತ್ತಿರವೇ ಮುಟ್ಟಬೇಕಾಗುತ್ತದೆ. ಅಲ್ಲಿಂದ ಸುರಿದ ಮಡ್ ಕಂಬ ಚಿಕ್ಕದು, ಹರಿವನ್ನು ತಡೆಯಲು ಇನ್ನೂ ಭಾರದ ಮಡ್, ಇನ್ನೂ ವೇಗದ ಪಂಪಿಂಗ್ ಬೇಕು. ಆ ವೇಗ ಒಂದು ರಿಗ್‌ನ ಪಂಪುಗಳ ಶಕ್ತಿಯನ್ನು ಮೀರಿದರೆ, ಬೇರೆ ಹಡಗುಗಳಿಂದಲೂ ಮಡ್ ತಳ್ಳಲು ರಿಲೀಫ್ ವೆಲ್‌ನ ಬಿಒಪಿ ಕೆಳಗೆ ಇಂಜೆಕ್ಷನ್ ಸ್ಪೂಲ್ ಕೂರಿಸಬೇಕು. ಕಿಲ್ ಸಿಮ್ಯುಲೇಶನ್ (ಭಾರದ ಮಡ್ ತುಂಬಿ ಹರಿವು ನಿಲ್ಲಿಸುವುದರ ಕಂಪ್ಯೂಟರ್ ಲೆಕ್ಕ) ತೋರಿಸಿ ಎಂದು ಕೇಳಿ: ನಿಮಿಷಕ್ಕೆ ಎಷ್ಟು ಬ್ಯಾರೆಲ್, ಎಷ್ಟು ಸಾಂದ್ರತೆ, ಒಟ್ಟು ಎಷ್ಟು ಮಡ್, ಬೆರೆಸುವುದು ಎಲ್ಲಿ.

ಬಿಒಪಿ ಬಗ್ಗೆ: ಪೈಪನ್ನು ಕತ್ತರಿಸಿ ಬಾವಿ ಮುಚ್ಚುವ ಶಿಯರ್ ರ‍್ಯಾಮ್ ಎಂಬುದು ಇದೆಯೇ ಎಂದು ಕೇಳಬೇಡಿ. ಈ ಬಾವಿಯಲ್ಲಿ ಇಳಿಸುವ ಪ್ರತಿ ಪೈಪನ್ನು, ಅತ್ಯಧಿಕ ಒತ್ತಡದಲ್ಲಿ, ಕತ್ತರಿಸಿ ಮುಚ್ಚಿದ ಪರೀಕ್ಷಾ ದಾಖಲೆ ಕೇಳಿ. ಮಕೊಂಡೊದಲ್ಲಿ ಪೈಪ್ ಬಾಗಿ ರ‍್ಯಾಮ್‌ನ ನಡುವಿನಿಂದ ಪಕ್ಕಕ್ಕೆ ಸರಿದಿತ್ತು, ಅಲಗಿಗೆ ಪೂರ್ತಿ ಸಿಗಲಿಲ್ಲ. ಬಿಒಪಿಗೆ ಆಜ್ಞೆ ಕೊಡುವ ನಿಯಂತ್ರಣ ಪೆಟ್ಟಿಗೆಯೇ ಪಾಡ್. ಒಂದು ಪಾಡ್‌ನಲ್ಲಿ ಸೊಲೆನಾಯ್ಡ್‌ನ ತಂತಿ ತಪ್ಪಾಗಿ ಜೋಡಿಸಿದ್ದು, ಇನ್ನೊಂದರಲ್ಲಿ ಬ್ಯಾಟರಿ ಇಳಿದಿದ್ದು ತನಿಖೆಯಲ್ಲಿ ಕಂಡಿತು. ಎರಡು ಪಾಡ್ ಇವೆ ಎಂಬ ಧೈರ್ಯ ಕಾಗದದ ಮೇಲಷ್ಟೇ ಇತ್ತು.

ಆರ್‌ಒವಿಯಿಂದ ಮುಚ್ಚುವ ವೇಗವನ್ನೂ ಕೇಳಿ. ರ‍್ಯಾಮ್‌ಗೆ 100 ಲೀಟರ್ ದ್ರವ ಬೇಕಿದ್ದು ಆರ್‌ಒವಿ ಪಂಪ್ ನಿಮಿಷಕ್ಕೆ 10 ಲೀಟರ್ ಕೊಟ್ಟರೆ 10 ನಿಮಿಷ. ಅಷ್ಟು ಹೊತ್ತು ಅರೆಮುಚ್ಚಿದ ಕಿಂಡಿಯಲ್ಲಿ ಮರಳು ಸಮೇತ ನುಗ್ಗುವ ಎಣ್ಣೆ ರಬ್ಬರ್ ಸೀಲನ್ನು ಕೊರೆದು ಹಾಕುತ್ತದೆ. ತಳದಲ್ಲೇ ಇಡುವ ಅಕ್ಯುಮುಲೇಟರ್ ಸ್ಕಿಡ್ (ಒತ್ತಡದಲ್ಲಿ ದ್ರವ ತುಂಬಿಟ್ಟ ಸಿಲಿಂಡರ್‌ಗಳ ಚೌಕಟ್ಟು) ಇದ್ದರೆ ಸೆಕೆಂಡುಗಳ ಕೆಲಸ.

ಉತ್ತರ 4 — ಹಳದಿಪಾಡ್

ಬಿಟ್ಟುಹೋದ ಒಂದು ಅಂಶ: ಸಮುದ್ರತಳದಲ್ಲೇ ಡಿಸ್ಪರ್ಸೆಂಟ್ (ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವ ರಾಸಾಯನಿಕ) ಹಾಕುವುದು. ಮೇಲೆ ಏಳುವ ಆವಿ ಕಡಿಮೆಯಾದರೆ ಮಾತ್ರ ಹಡಗಿನವರು ಬಾವಿಯ ಹತ್ತಿರ ನಿಂತು ಕೆಲಸ ಮಾಡಬಹುದು. 100ಕ್ಕೆ 1ರ ಪ್ರಮಾಣದಲ್ಲಿ, ದಿನಕ್ಕೆ 30,000 ಬ್ಯಾರೆಲ್ ಹರಿವಿಗೆ ಸುಮಾರು 48 ಘನ ಮೀಟರ್ ಬೇಕು. ಮೊದಲ 5 ದಿನಕ್ಕೇ 240. ಅಷ್ಟು ಹತ್ತಿರದಲ್ಲಿದೆಯೇ, ಬಳಕೆಗೆ ನಿಯಂತ್ರಕರ ಪೂರ್ವಾನುಮತಿ ಇದೆಯೇ ನೋಡಿ.

ತಳದಕಲ್ಲು

ಎಲ್ಲರಿಗೂ ಧನ್ಯವಾದ. ಯೋಜನೆ ವಾಪಸ್ ಕಳಿಸುತ್ತಿದ್ದೇನೆ. ಶೂ ಲೆಕ್ಕ, ಕಿಲ್ ಸಿಮ್ಯುಲೇಶನ್, ಮೂರೂ ಮ್ಯಾಂಡ್ರೆಲ್‌ಗಳ ಡ್ರಾಯಿಂಗ್ ಕೇಳಿದ್ದೇನೆ.

ಉತ್ತರ 5 — ಶೂಬಲ

ಡ್ರಾಯಿಂಗ್ ಜೊತೆ ವೆಲ್‌ಹೆಡ್‌ನ ಬಾಗುವ ಶಕ್ತಿಯ ಲೆಕ್ಕವನ್ನೂ ಕೇಳಿ. ಬಿಒಪಿಯ ಮೇಲೆ ಸ್ಟ್ಯಾಕ್ ಕೂತಾಗ ಎತ್ತರವೂ ಭಾರವೂ ಹೆಚ್ಚುತ್ತವೆ. ರಿಗ್ ಮುಳುಗುವಾಗ ರೈಸರ್ ಎಳೆದು ವೆಲ್‌ಹೆಡ್ ಎರಡು-ಮೂರು ಡಿಗ್ರಿ ವಾಲಿದ್ದರೆ ಎಷ್ಟು ತಾಳುತ್ತದೆ, ಎಷ್ಟು ವಾಲಿದರೆ ಕನೆಕ್ಟರ್ ಕೂರುವುದೇ ಇಲ್ಲ ಎಂಬ ಎರಡೂ ಅಂಕಿ ಬೇಕು.