ಸೋಮವಾರದ ನೀಲಿ ಮಾತ್ರೆ: ವಹಿಯಲ್ಲಿ ನೂರಕ್ಕೆ ನೂರು, ಹೊಟ್ಟೆಗೆ ಎಷ್ಟು?

ಪ್ರಶ್ನೆ — ಆರೋಗ್ಯ ಶಿಕ್ಷಣಾಧಿಕಾರಿ, ವಿಜಯಪುರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. 10ರಿಂದ 19 ವರ್ಷದ ಮಕ್ಕಳಿಗೆ ರಕ್ತಹೀನತೆ ತಡೆಯಲು ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ ಹಾಗೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಬಿಸಿಯೂಟದ ನಂತರ, ಶಿಕ್ಷಕರ ಕಣ್ಣೆದುರೇ ನುಂಗಿಸಬೇಕು. ಸತತ ನಾಲ್ಕು ಸೋಮವಾರ, ಮುಂಚಿತವಾಗಿ ತಿಳಿಸದೆ, ಒಂದೊಂದು ಪ್ರೌಢಶಾಲೆಗೆ ಹೋಗಿದ್ದೆ. ಮೊದಲನೆಯದರಲ್ಲಿ ಪ್ರಾರ್ಥನೆ ಮುಗಿದೊಡನೆ ಬರಿಹೊಟ್ಟೆಯಲ್ಲಿ ಕೊಟ್ಟಿದ್ದರು; ಎರಡನೆಯದರಲ್ಲಿ ಮನೆಯಲ್ಲಿ ತೆಗೆದುಕೊಳ್ಳಲು ಹೇಳಿ ಕೈಗೆ ಕೊಟ್ಟು ಕಳಿಸಿದ್ದರು; ಮೂರನೆಯದರಲ್ಲಿ ಹೆಸರುಗಳ ಮುಂದೆ ಗುರುತು ಹಾಕಿ, ಸ್ಟ್ರಿಪ್‌ಗಳನ್ನು ಕಪಾಟಿನಲ್ಲೇ ಇಟ್ಟಿದ್ದರು. ಒಂದರಲ್ಲಿ ಮಾತ್ರ ಸರಿಯಾಗಿತ್ತು. ತರಬೇತಿ ಎಲ್ಲರಿಗೂ ಒಂದೇ, ವಹಿಗಳಲ್ಲೂ ಒಂದೇ ಅಂಕಿ. ಇದನ್ನು ಸರಿಪಡಿಸುವುದು ಹೇಗೆ? ನೋಟಿಸು ಕೊಡುವುದರಿಂದ ಗುರುತುಗಳು ಇನ್ನಷ್ಟು ಅಂದವಾಗುತ್ತವೆಯೇ ಹೊರತು ಬೇರೇನೂ ಆಗದು ಎಂಬುದು ನನ್ನ ಅನುಭವ.

ಉತ್ತರ — ನಿವೃತ್ತ ಮುಖ್ಯೋಪಾಧ್ಯಾಯ, ಬಾಗಲಕೋಟೆ ಜಿಲ್ಲೆ

ಸರ್, ಕಪಾಟಿನಲ್ಲಿಟ್ಟ ಶಿಕ್ಷಕರನ್ನು ಸೋಮಾರಿಗಳೆಂದು ತಿಳಿಯುವ ಮೊದಲು ಅವರ ಭಯವನ್ನು ಕೇಳಿ. ನಮ್ಮ ಶಾಲೆಯಲ್ಲಿ ಒಮ್ಮೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿದ ಎಂಟನೆಯ ತರಗತಿಯ ಹುಡುಗಿ ವಾಂತಿ ಮಾಡಿಕೊಂಡಳು, ಅರ್ಧ ತಾಸಿನಲ್ಲಿ ಅವಳ ತಂದೆ ಗೇಟಿಗೆ ಬಂದು, “ನಮ್ಮ ಹುಡಿಗಿಗೆ ಏನ್ ಕೊಟ್ಟೀರ್ರಿ ಸರ?” ಎಂದು ಕೇಳಿದರು. ಆ ದಿನದಿಂದ ಸಹಶಿಕ್ಷಕರೊಬ್ಬರು ಸ್ಟ್ರಿಪ್ ಮುಟ್ಟಲಿಲ್ಲ. ತರಬೇತಿಯಲ್ಲಿ ಪ್ರಮಾಣವನ್ನು ಹೇಳಿದ್ದರು, ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಹೇಳಿರಲಿಲ್ಲ. ಆಮೇಲೆ ಪಾಲಕರ ಸಭೆಯಲ್ಲೇ ಮಲ ಕಪ್ಪಾಗುವುದು ಸಹಜ, ಹೊಟ್ಟೆ ತೊಳಸಿದರೆ ಗಾಬರಿ ಬೇಡ ಎಂದು ತಿಳಿಸಿದೆವು. ಮಾತ್ರೆಯನ್ನು ಊಟದ ಪಂಕ್ತಿಯ ಕೊನೆಗೆ ತಂದೆವು. ಹಾಲಿನ ಕ್ಯಾಲ್ಸಿಯಂ ಕಬ್ಬಿಣಾಂಶ ಹೀರುವಿಕೆಗೆ ಅಡ್ಡಿಯಾಗುವುದರಿಂದ ಬೆಳಗಿನ ಹಾಲಿನ ಜೊತೆಗಂತೂ ಕೊಡಬಾರದು.

ಉತ್ತರ — ಸಮುದಾಯ ಆರೋಗ್ಯ ಅಧಿಕಾರಿ, ಬೆಳಗಾವಿ ಜಿಲ್ಲೆ

ಹಿರಿಯರ ಮಾತಿಗೆ ಒಂದು ಸೇರ್ಪಡೆ. ಬದಲಾಗಬಾರದ್ದು ಯಾವುದು, ಬದಲಾಗಬಹುದಾದದ್ದು ಯಾವುದು ಎಂದು ಮೊದಲೇ ಬರೆದುಕೊಟ್ಟರೆ ಶಿಕ್ಷಕರಿಗೆ ಹಗುರವಾಗುತ್ತದೆ. ಊಟದ ನಂತರ, ಕಣ್ಣೆದುರು, ವಾರಕ್ಕೊಂದು: ಈ ಮೂರನ್ನು ಯಾರೂ ಬದಲಿಸುವಂತಿಲ್ಲ. ಆದರೆ ಖಾನಾಪುರದ ಕಡೆ ಮರಾಠಿಯಲ್ಲಿ, ನಿಮ್ಮ ತಾಂಡಾಗಳಲ್ಲಿ ಲಂಬಾಣಿಯಲ್ಲಿ ತಿಳಿಹೇಳಿದರೆ ಅದು ನಿಯಮ ಮುರಿದಂತಲ್ಲ. ಸೋಮವಾರ ರಜೆಯಿದ್ದರೆ ಮಂಗಳವಾರ ಕೊಡಲಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಕ್ಕೆ ತಪ್ಪಿಸಿಕೊಂಡ ಮಕ್ಕಳಿಗಾಗಿ ಇನ್ನೊಂದು ದಿನ ಇಡುವಂತೆ, ಗೈರಾದವರಿಗೆ ಗುರುವಾರ ಎಂದು ನಾವು ಇಟ್ಟುಕೊಂಡಿದ್ದೇವೆ.

ಪರಿಶೀಲನೆಗೆ ವಹಿಯನ್ನು ನೆಚ್ಚಬೇಡಿ. ಖಾಲಿ ಸ್ಟ್ರಿಪ್‌ಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಲು ಹೇಳಿ, ತಿಂಗಳಿಗೊಮ್ಮೆ ಎಣಿಸಿ. ಜೊತೆಗೆ ನಾಲ್ಕೈದು ಮಕ್ಕಳನ್ನು ಕರೆದು ಯಾವಾಗ ನುಂಗಿದಿರಿ, ನೀರು ಎಲ್ಲಿ ಕುಡಿದಿರಿ ಎಂದು ವಿಚಾರಿಸಿ. ಎಂಬತ್ತು ಎಂದು ನಿಜ ಬರೆದ ಶಾಲೆಯನ್ನು ಸಭೆಯಲ್ಲಿ ಬೈದರೆ ಮುಂದಿನ ತಿಂಗಳು ಅದೂ ನೂರು ಬರೆಯುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಧನ್ಯವಾದಗಳು. ಭಯದ ವಿಷಯ ನನಗೆ ಹೊಳೆದೇ ಇರಲಿಲ್ಲ. ಬರುವ ಸೋಮವಾರ ಮೂರನೆಯ ಶಾಲೆಗೆ ಊಟದ ಹೊತ್ತಿಗೇ ಹೋಗಿ, ಮೊದಲ ಪಂಕ್ತಿಗೆ ನಾನೇ ನಿಂತು ಕೊಡುತ್ತೇನೆ. ಕಪಾಟಿನಲ್ಲಿರುವ ಸ್ಟ್ರಿಪ್‌ಗಳ ಅವಧಿ ಮುಗಿದಿದೆಯೇ ಎಂಬುದನ್ನೂ ಅಂದೇ ನೋಡಬೇಕು. ದೀಪಾವಳಿಯ ನಂತರ ಕಬ್ಬು ಕಡಿಯಲು ತಂದೆತಾಯಿಯರ ಜೊತೆ ಗುಳೆ ಹೋಗುವ ಮಕ್ಕಳಿಗೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ಬರೆಯಿರಿ.