ಅಡಿಕೆ ಸಿಪ್ಪೆ ನಾರನ್ನು ಸೋಡಾದಲ್ಲಿ ನೆನೆಸಿದ ಮೇಲೆ ಹಲಗೆಯ ಬಲ ಇಳಿಯಿತು, ಯಾಕೆ?

ತೋಟದಮನೆ ಹುಡುಗಿ:
ನಮಸ್ಕಾರ. ನಾನು ಮೆಕ್ಯಾನಿಕಲ್ ಕೊನೆಯ ವರ್ಷ, ಊರು ತೀರ್ಥಹಳ್ಳಿ ಹತ್ತಿರ. ಅಡಿಕೆ ಸುಲಿದು ಮುಗಿಯುವಷ್ಟರಲ್ಲಿ ನಮ್ಮ ಕೊಟ್ಟಿಗೆ ಹಿಂದೆ ಸಿಪ್ಪೆಯ ದೊಡ್ಡ ರಾಶಿ. ಒಂದಷ್ಟು ಗೊಬ್ಬರಕ್ಕೆ, ಉಳಿದದ್ದಕ್ಕೆ ಬೆಂಕಿ. ಆ ಹೊಗೆ ನೋಡಿಯೇ ಈ ಪ್ರಾಜೆಕ್ಟ್ ಹಿಡಿದೆ. ಸಿಪ್ಪೆಯ ನಾರಿಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು ರಾಳ) ಸೇರಿಸಿ ಹಲಗೆ ಮಾಡುತ್ತಿದ್ದೇನೆ.

ಏನೂ ಮಾಡದ ನಾರಿನ ಹಲಗೆ ಎಳೆತಕ್ಕೆ ಸರಾಸರಿ 31 ಮೆಗಾಪಾಸ್ಕಲ್ ತಡೆಯಿತು. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಬಲ ಹೆಚ್ಚುತ್ತದೆ ಎಂದು ಓದಿ, 10% ದ್ರಾವಣದಲ್ಲಿ ಒಂದು ದಿನ ಪೂರ್ತಿ ಇಟ್ಟೆ. 24ಕ್ಕೆ ಇಳಿಯಿತು. ಹಲಗೆಯಲ್ಲಿ ಸಣ್ಣ ಗುಳ್ಳೆಗಳೂ ಇವೆ. ಈಗ ನಾರಿಗೂ ಎಪಾಕ್ಸಿಗೂ ಹಿಡಿತ ಹೆಚ್ಚಿಸುವ ಸಿಲೇನ್ ಎಂಬ ರಾಸಾಯನಿಕ ಹಾಕಿ ನೋಡಲಾ?

ಬಾಳೆನಾರು:
ಸಿಲೇನ್ ಆಮೇಲೆ. ಮೊದಲು ಮುರಿದ ಜಾಗವನ್ನು ಲೆನ್ಸ್‌ನಲ್ಲಿ ನೋಡಿ. ನಾರು ಉದ್ದಕ್ಕೆ ಹೊರಗೆ ಚಾಚಿಕೊಂಡಿದೆಯಾ, ಪಕ್ಕದಲ್ಲಿ ನುಣ್ಣನೆಯ ತೂತುಗಳಿವೆಯಾ? ಹಾಗಿದ್ದರೆ ಎಪಾಕ್ಸಿ ನಾರನ್ನು ಹಿಡಿದೇ ಇಲ್ಲ. ನಾರು ಬುಡದಲ್ಲೇ ತುಂಡಾಗಿದ್ದರೆ ಹಿಡಿತ ಚೆನ್ನಾಗಿದೆ, ನಾರೇ ಸೋತಿದೆ.

ತೋಟದಮನೆ ಹುಡುಗಿ:
ನೋಡಿದೆ ಸರ್. ಹೆಚ್ಚಿನವು ಬುಡದಲ್ಲೇ ತುಂಡಾಗಿವೆ.

ಬಾಳೆನಾರು:
ಹಾಗಾದರೆ ಸೋಡಾ ಜಾಸ್ತಿಯಾಗಿದೆ. ನಾನು ಬಾಳೆ ನಾರಿನಲ್ಲಿ ಇದೇ ತಪ್ಪು ಮಾಡಿ ಒಂದು ಸೆಮಿಸ್ಟರ್ ಕಳೆದುಕೊಂಡೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾರಿನ ಮೈಮೇಲೆ ಮೇಣ ಇರುತ್ತದೆ. ಒಳಗೆ ಸೆಲ್ಯುಲೋಸ್ ಎಳೆಗಳನ್ನು ಹೆಮಿಸೆಲ್ಯುಲೋಸ್, ಲಿಗ್ನಿನ್ ಒಟ್ಟಿಗೆ ಹಿಡಿದಿರುತ್ತವೆ. ಸೋಡಾ ಮೇಣ ತೆಗೆಯುತ್ತದೆ, ನೀರು ಕುಡಿಯುವ ಹೆಮಿಸೆಲ್ಯುಲೋಸನ್ನು ಕರಗಿಸುತ್ತದೆ. ಮೈ ಒರಟಾಗಿ ಎಪಾಕ್ಸಿಗೆ ಹಿಡಿತ ಸಿಗುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಇನ್ನೂ ಬಿಟ್ಟರೆ ಎಳೆಗಳನ್ನು ಹಿಡಿದಿರುವ ಅಂಟೇ ಹೋಗುತ್ತದೆ, ಕೊನೆಗೆ ಸೆಲ್ಯುಲೋಸಿಗೂ ಪೆಟ್ಟು. ಅಡಿಕೆ ಸಿಪ್ಪೆಯಲ್ಲಿ ಹೆಮಿಸೆಲ್ಯುಲೋಸ್ ಜಾಸ್ತಿ, ಹಾಗಾಗಿ ಇನ್ನೂ ಹುಷಾರಾಗಿರಬೇಕು.

5% ದ್ರಾವಣ ಮಾಡಿ. ಒಂದು, ಎರಡು, ನಾಲ್ಕು ಗಂಟೆ ಬೇರೆ ಬೇರೆ ನೆನೆಸಿ. ಹಲಗೆ ಮಾಡುವ ಮುಂಚೆ ಪ್ರತಿ ಕಂತಿನಿಂದ ಇಪ್ಪತ್ತು ನಾರು ತೆಗೆದು ಒಂದೊಂದನ್ನೇ ಎಳೆದು ನೋಡಿ. ಎಲ್ಲಿ ಇಳಿಯಲು ಶುರುವಾಗುತ್ತದೋ ಅಲ್ಲೇ ಗೊತ್ತಾಗುತ್ತದೆ. ಒಂದು ಮಾತು ಕೇಳಬೇಕು: ಹಸಿ ಅಡಿಕೆ ಸುಲಿದ ಸಿಪ್ಪೆಯಾ, ಚಾಲಿ (ಹಣ್ಣಾದ ಮೇಲೆ ಒಣಗಿಸಿದ ಅಡಿಕೆ) ಸಿಪ್ಪೆಯಾ? ಹಣ್ಣಾದದ್ದರ ನಾರು ಒರಟು, ಎರಡನ್ನೂ ಬೆರೆಸಬೇಡಿ.

ಗುಳ್ಳೆಗೆ ಕಾರಣ ಬಹುಶಃ ತೇವ. ಹೇಗೆ ತೊಳೆದಿರಿ, ಹೇಗೆ ಒಣಗಿಸಿದಿರಿ?

ತೋಟದಮನೆ ಹುಡುಗಿ:
ಎರಡು ಸಲ ನೀರಲ್ಲಿ ತೊಳೆದು, ಅಂಗಳದಲ್ಲಿ ಒಂದು ದಿನ ಹರವಿದ್ದೆ. ಸಿಪ್ಪೆ ಎರಡೂ ಬೆರೆತಿದೆ.

ಲ್ಯಾಬ್ ಅಣ್ಣ:
ಎರಡು ಸಲ ಸಾಲದು. ನೀರಿಗೆ ಸ್ವಲ್ಪ ಅಸಿಟಿಕ್ ಆಮ್ಲ ಹಾಕಿ ತೊಳೆದು, ಪಿಎಚ್ ಕಾಗದ 7 (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ತೋರಿಸುವವರೆಗೂ ನೀರು ಬದಲಿಸುತ್ತಿರಿ. ಆಮೇಲೆ ಓವನ್‌ನಲ್ಲಿ 70 ಡಿಗ್ರಿಗೆ ಒಂದು ದಿನ. ಮಲೆನಾಡಿನ ಗಾಳಿಯಲ್ಲಿ ನಾರು ಮತ್ತೆ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ಓವನ್‌ನಿಂದ ಸೀದಾ ಅಚ್ಚಿಗೆ ಹೋಗಲಿ. ಅದಾಗದಿದ್ದರೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ.

ಇನ್ನೊಂದು ವಿಷಯ, ದಯವಿಟ್ಟು ಮರೆಯಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ನೀರಿಗೆ ಸೋಡಾ ಹಾಕಿ, ಸೋಡಾಗೆ ನೀರು ಸುರಿಯಬೇಡಿ, ಜೋರಾಗಿ ಕಾಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ.

ತೋಟದಮನೆ ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್, ಅಣ್ಣ. ಅಪ್ಪನಿಗೆ ಫೋನ್ ಮಾಡಿದೆ, ಚಾಲಿ ಸಿಪ್ಪೆ ಎರಡು ಚೀಲ ಬೇರೆ ಎತ್ತಿಡುತ್ತಾರೆ. ಸೋಮವಾರ 5%, ಒಂದು ಗಂಟೆಯಿಂದ ಶುರು. ನಾರಿನ ಫಲಿತಾಂಶ ಇಲ್ಲೇ ಹಾಕುತ್ತೇನೆ.